ಮೂಕಪ್ರಾಣಿಗಳ ಕಾಲಿಗೂ ಒಂದು ಚಿಕಿತ್ಸೆ

ಕ್ರೋಂಪೇಟೆಗೆ ಆ ಹೆಸರು ಬಂದುದು ಹೇಗೆಂಬುದನ್ನು ನಮ್ಮ ಬಾಲಕ ಬಾಲಿಕೆಯರಲ್ಲಿ ಎಷ್ಟು ಮಂದಿ ಬಲ್ಲರೋ ನಾನರಿಯೆ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಚೇಂಬರ್ಸ್ ಎಂಬ ಉದ್ಯಮಿಯ ಕ್ರೋಮ್ ಲೆದರ್ ಕಂಪನಿಯು ಇಲ್ಲಿ ತೊಗಲು ಹದಮಾಡುವ ಕಾರ್ಖಾನೆಯನ್ನು ನಡೆಸಿತು. ಕಂಪನಿಯ ಹೆಸರೇ ಕ್ರಮೇಣ ಪೇಟೆಯ ಹೆಸರಾಯಿತು. ಕ್ರೋಮಿಯಂ ಲವಣಗಳಿಂದ ತೊಗಲನ್ನು ಹದಗೊಳಿಸುವ ವಿಧಾನವನ್ನು ಮದರಾಸಿನಲ್ಲಿ ಬಳಕೆಗೆ ತಂದವರು ಆಲ್‌ಫ್ರೆಡ್ ಚಾಟರ್ಟನ್. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿ ಕೆಲಸ ಮಾಡಿದವರೂ ಅವರೇ. ನೀರಿನಲ್ಲಿ ನೆನೆದರೂ ಬೇಗ ಕೊಳೆಯದ ಈ ತೊಗಲು ಕಪಿಲೆಯ ಬಾನಿಗೆ ತಕ್ಕುದೆಂದು ಅಂದಿನವರು ಭಾವಿಸಿದ್ದರು. ಜೀವವಿರುವ ಎತ್ತು ಕಪಿಲೆಯನ್ನು ಎಳೆಯುವುದು, ಜೀವ ಹೋದ ಎತ್ತಿನ ತೊಗಲು ಬಾವಿಯಿಂದ ನೀರನ್ನು ಎತ್ತುವುದು: ಪಶುವಿನಿಂದ ಮನುಷ್ಯನು ಎಷ್ಟೆಷ್ಟು ಕೆಲಸ ಪಡೆದನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ತೊಗಲಿಗೆ ಬೆಲೆ ಕಟ್ಟಿದ ಊರಿನಲ್ಲಿ ಕುಳಿತು, ಬದುಕಿರುವ ಪ್ರಾಣಿಯ ಕಾಲಿನ ಬೆಲೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದು ನನ್ನ ಉದ್ದೇಶ. ಕಾಲು ಮುರಿದ, ಸೊಂಟ ಬಿದ್ದ, ಮುಪ್ಪಿನಿಂದ ಕೀಲು ಹಿಡಿದ ಪ್ರಾಣಿಯನ್ನು ಕಂಡೊಡನೆ ‘ಇನ್ನು ಇದರ ಕಥೆ ಮುಗಿಯಿತು’ ಎಂದುಬಿಡುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಈ ಅಭ್ಯಾಸ ಅನೇಕ ವೇಳೆ ತಪ್ಪೆಂದೂ, ಫಿಸಿಯೋಥೆರಪಿ ಎಂಬ ಚಿಕಿತ್ಸೆ ಮನುಷ್ಯನಿಗೆ ಎಷ್ಟು ಅಗತ್ಯವೋ ಪ್ರಾಣಿಗೂ ಅಷ್ಟೇ ಅಗತ್ಯವೆಂದೂ ನನ್ನ ಅಭಿಮತ.

ಫಿಸಿಯೋಥೆರಪಿ ಎಂಬ ಮಾತು ನಿಮಗೆ ಹೊಸದಲ್ಲ. ತಾತನವರ ಮಂಡಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಮನೆಗೆ ಬಂದು ಅವರ ಕಾಲನ್ನು ಮಡಚಿಸಿ, ನೀಡಿಸಿ, ಹೆಜ್ಜೆ ಇಡಿಸಿದವರನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಔಷಧವಿಲ್ಲದೆ, ಕತ್ತಿಯಿಲ್ಲದೆ, ಕೈ, ಶಾಖ, ಶೀತ, ನೀರು, ವ್ಯಾಯಾಮ ಇವುಗಳಿಂದ ದೇಹದ ಚಲನೆಯನ್ನು ಮರಳಿ ತರುವ ವಿದ್ಯೆ ಅದು. ಇದರ ಹಿಂದಿರುವ ಶರೀರಶಾಸ್ತ್ರ ಸರಳವಾದುದು. ದುಡಿಯದ ಸ್ನಾಯು ಕೆಲವೇ ವಾರಗಳಲ್ಲಿ ಸೊರಗಿಹೋಗುತ್ತದೆ. ಅಲುಗದ ಕೀಲು ಬಿಗಿದುಕೊಳ್ಳುತ್ತದೆ. ಕೀಲಿನ ತುದಿಗಳನ್ನು ಹೊದ್ದಿರುವ ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವದಿಂದಲೇ ಅದು ಆಹಾರವನ್ನು ಹೀರಬೇಕು. ಆ ದ್ರವ ಒಳಗೂ ಹೊರಗೂ ಸರಿದಾಡಬೇಕಾದರೆ ಕೀಲು ಚಲಿಸಬೇಕು. ಮನುಷ್ಯನ ಮಂಡಿಗೆ ಸಲ್ಲುವ ಈ ನಿಯಮ ನಾಯಿಯ ಮಂಡಿಗೂ ಹಸುವಿನ ಮಂಡಿಗೂ ಸಲ್ಲದೆಂದು ಹೇಳಲು ಯಾವ ಆಧಾರವೂ ಇಲ್ಲ.

ಈ ವಿದ್ಯೆ ಪರದೇಶದಿಂದ ಇಳಿದು ಬಂದ ಬೆಡಗು ಎಂದು ಮೂಗು ಮುರಿಯುವವರು ನಮ್ಮ ರೈತರ ಕೊಟ್ಟಿಗೆಯತ್ತ ಒಮ್ಮೆ ನೋಡಬೇಕು. ಉತ್ತು ಬಂದ ಎತ್ತನ್ನು ಕೆರೆಗೆ ಇಳಿಸಿ, ಹುಲ್ಲಿನ ಹಿಡಿಯಿಂದ ಮೈ ತಿಕ್ಕಿ, ನೊಗ ಒತ್ತಿದ ಹೆಗಲಿಗೆ ಎಣ್ಣೆ ತೀಡಿ, ಉಳುಕಿದ ಕಾಲಿಗೆ ಬಟ್ಟೆಯ ಕಾವು ಕೊಡುತ್ತಿದ್ದವರು ಯಾವ ಕಾಲೇಜಿನಲ್ಲಿಯೂ ಓದಿದವರಲ್ಲ. ಹನ್ನೆರಡನೆಯ ಶತಮಾನದ ಆರಂಭದಲ್ಲಿಯೇ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದನು. ಆನೆಗಳ ರೋಗ ಮತ್ತು ಆರೈಕೆಗಾಗಿಯೇ ಪಾಲಕಾಪ್ಯ ಮುನಿಯ ಹೆಸರಿನಲ್ಲಿ ದೊಡ್ಡದೊಂದು ಸಂಸ್ಕೃತ ಗ್ರಂಥವಿದೆ. ಪಶುವಿನ ನೋವನ್ನು ಶಾಸ್ತ್ರದ ವಿಷಯವೆಂದು ಎಣಿಸಿದ ನಾಡು ನಮ್ಮದು. ಪಶ್ಚಿಮದಲ್ಲಿ ಇದು ಹೊಸ ರೂಪ ತಾಳಿದ ಬಗೆಯೂ ಸ್ವಾರಸ್ಯವಾಗಿದೆ. ನಮ್ಮ ದೇಶದ ಕೊನೆಯ ವೈಸ್‌ರಾಯ್ ಆಗಿದ್ದ ಮೌಂಟ್‌ಬ್ಯಾಟನ್ನರಿಗೆ ಚಿಕಿತ್ಸೆ ನೀಡಿದ ಸರ್ ಚಾರ್ಲ್ಸ್ ಸ್ಟ್ರಾಂಗ್ ಎಂಬ ಫಿಸಿಯೋಥೆರಪಿ ತಜ್ಞರು ಅದೇ ವಿಧಾನಗಳನ್ನು ಕುದುರೆಗಳ ಗಾಯಗಳಿಗೂ ಅನ್ವಯಿಸಿ, 1967ರಲ್ಲಿ ಆ ಕುರಿತು ಒಂದು ಪುಸ್ತಕವನ್ನೇ ಹೊರತಂದರು. ಒಡೆಯನಿಗೆ ಹಿತವಾದುದು ಕುದುರೆಗೂ ಹಿತವಾಯಿತು!

ಇನ್ನು ನಮ್ಮ ಸುತ್ತಲಿನ ಪ್ರಾಣಿಗಳ ಮಾತಿಗೆ ಬರೋಣ. ಮೊದಲು ಹಸು. ಕ್ರೋಂಪೇಟೆ, ಪಲ್ಲಾವರಂ, ತಾಂಬರಂ ಕಡೆಗಳಲ್ಲಿ ಇಂದಿಗೂ ಮನೆಯ ಪಕ್ಕದ ಸಣ್ಣ ಕೊಟ್ಟಿಗೆಯಲ್ಲಿ ಹಸು ಕಟ್ಟಿ ಹಾಲು ಮಾರುವವರು ಉಂಟು. ಕರು ಹಾಕಿದ ಹಸು ಒಮ್ಮೊಮ್ಮೆ ನೆಲಕ್ಕೆ ಬಿದ್ದು ಏಳದಾಗುವುದು. ಹಾಲಿಗೆ ಸುಣ್ಣದ ಅಂಶವೆಲ್ಲ ಒಮ್ಮೆಗೇ ಹರಿದು ರಕ್ತದಲ್ಲಿ ಅದು ಕಡಮೆಯಾದುದೇ ಇದಕ್ಕೆ ಸಾಮಾನ್ಯವಾದ ಕಾರಣ. ವೈದ್ಯರು ಬಂದು ಕ್ಯಾಲ್ಸಿಯಮ್ಮನ್ನು ರಕ್ತನಾಳಕ್ಕೆ ಕೊಟ್ಟರೆ ಅನೇಕ ಹಸುಗಳು ನೋಡನೋಡುತ್ತಿದ್ದಂತೆ ಎದ್ದು ನಿಲ್ಲುವುವು. ಆದರೆ ವೈದ್ಯರು ಬರುವುದು ತಡವಾದರೆ ಬೇರೊಂದು ವಿಪತ್ತು ಆಗಲೇ ಆರಂಭವಾಗಿರುತ್ತದೆ. ನಾಲ್ಕೈದು ನೂರು ಕಿಲೋ ತೂಕದ ಆ ದೇಹ ತನ್ನದೇ ಒಂದು ಹಿಂಗಾಲಿನ ಮೇಲೆ ಗಂಟೆಗಟ್ಟಲೆ ಒತ್ತಿಕೊಂಡಿರುವುದರಿಂದ ಆ ಕಾಲಿನ ಸ್ನಾಯುವಿಗೆ ರಕ್ತ ಹರಿಯದೆ, ನರ ನಜ್ಜುಗುಜ್ಜಾಗಿ, ಮೂಲ ರೋಗ ವಾಸಿಯಾದರೂ ಹಸು ಏಳಲಾರದು. ರೋಗ ಕೊಲ್ಲದಿದ್ದ ಹಸುವನ್ನು ನೆಲ ಕೊಲ್ಲುತ್ತದೆ ಎಂದರೂ ಸಲ್ಲುವುದು.

ಇದಕ್ಕೆ ಪರಿಹಾರವೇನು? ಬಿದ್ದ ಹಸುವಿನ ಕೆಳಗೆ ಗಟ್ಟಿ ಸಿಮೆಂಟಿನ ಬದಲು ದಪ್ಪನಾಗಿ ಮರಳು ಇಲ್ಲವೇ ಹುಲ್ಲು ಹಾಸಬೇಕು. ಎದೆಯ ಮೇಲೆ ಕುಳಿತಿರುವಂತೆ ಹುಲ್ಲಿನ ಮೂಟೆಗಳನ್ನು ಒರಗಿಡಬೇಕು. ಕೆಲವು ಗಂಟೆಗಳಿಗೊಮ್ಮೆ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳಿಸಬೇಕು. ಕಾಲುಗಳನ್ನು ತಿಕ್ಕಿ ಮಡಚಿ ನೀಡಬೇಕು. ಏಳಲು ಹೆಣಗುವಾಗ ಹೊಟ್ಟೆಯ ಕೆಳಗೆ ಅಗಲವಾದ ಪಟ್ಟಿ ಕೊಟ್ಟು ಆಸರೆಯಾಗಬೇಕು. ನಾಲ್ಕು ಜನರ ತೋಳು, ಒಂದು ಗಾಡಿ ಮರಳು. ಇದರಲ್ಲಿ ಲಕ್ಷ ರೂಪಾಯಿಯ ಯಂತ್ರವೆಲ್ಲಿದೆ? ಪ್ರಾಣಿಗಳ ಫಿಸಿಯೋಥೆರಪಿ ಶ್ರೀಮಂತರ ಮುದ್ದುನಾಯಿಗಳ ವಿಲಾಸವೆಂದು ಹೇಳುವವರಿಗೆ ನಾನು ತೋರಿಸುವುದು ಈ ಹಸುವನ್ನೇ. ಅದು ಎದ್ದರೆ ಒಂದು ಸಂಸಾರದ ಹಾಲಿನ ವರ್ತನೆ ಉಳಿಯಿತು; ಏಳದಿದ್ದರೆ ಆ ಸಂಸಾರ ಸಾಲಕ್ಕೆ ಬಿದ್ದಿತು.

ನಾಯಿಯ ವಿಷಯ ಸ್ವಲ್ಪ ಬೇರೆ. ಜಿ. ಎಸ್. ಟಿ. ರಸ್ತೆಯಲ್ಲಿ ರಾತ್ರಿಯ ವಾಹನಗಳ ವೇಗವನ್ನು ಬಲ್ಲವರಿಗೆ ಬೀದಿನಾಯಿಗಳ ಸೊಂಟ ಮುರಿಯುವುದು ಹೇಗೆಂದು ವಿವರಿಸಬೇಕಾದುದಿಲ್ಲ. ಹಸ್ತಿನಾಪುರದ ಬಳಿ (ಆನೆಯ ಹೆಸರು ಹೊತ್ತಿದ್ದರೂ ಅಲ್ಲಿರುವುದು ನಾಯಿಗಳೇ) ಒಂದು ಕನ್ನಡ ಮನೆಯವರು ಅಂಥದೊಂದು ನಾಯಿಯನ್ನು ಸಾಕಿಕೊಂಡುದನ್ನು ನಾನು ಬಲ್ಲೆ. ಶಸ್ತ್ರಚಿಕಿತ್ಸೆಯಾಗಿ ಮೂಳೆ ಕೂಡಿತ್ತು. ಆದರೆ ನಾಯಿ ಆ ಕಾಲನ್ನು ನೆಲಕ್ಕೆ ಊರಲೊಲ್ಲದು. ಮೂರು ಕಾಲಿನ ನಡಿಗೆ ಅದಕ್ಕೆ ರೂಢಿಯಾಗಿಹೋಗಿತ್ತು. ವೈದ್ಯರು ಮನೆಯವರಿಗೆ ಕ್ರಮ ತೋರಿಸಿದರು: ದಿನಕ್ಕೆ ಎರಡು ಮೂರು ಸಲ, ಪ್ರತಿಯೊಂದು ಕೀಲನ್ನೂ ನೋವಾಗದ ಮಿತಿಯಲ್ಲಿ ಹತ್ತು ಹದಿನೈದು ಬಾರಿ ಮಡಚಿ ನೀಡುವುದು, ತೊಡೆಯ ಸ್ನಾಯುವನ್ನು ಪಾದದ ಕಡೆಯಿಂದ ಮೇಲಕ್ಕೆ ಮೆಲ್ಲನೆ ನೀವುವುದು.

ಈ ಕೆಲಸವನ್ನು ವಹಿಸಿಕೊಂಡವರು ಮನೆಯ ಅಜ್ಜಿ. ಮೊಮ್ಮಗನು, “ಅಜ್ಜಿ, ನಿಮಗೆ ಇದೆಲ್ಲ ಬರುತ್ತದೆಯೇ?” ಎಂದು ಕೇಳಿದುದಕ್ಕೆ ಆಕೆ, “ಎಷ್ಟು ಹಸುಗೂಸುಗಳಿಗೆ ನೀರೆರೆದು ಕಾಲು ತೀಡಿದ ಕೈಯೋ ಮಗು ಇದು! ಕೂಸಿಗೆ ನಾಲಗೆಯಿಲ್ಲ, ಇದಕ್ಕೂ ಇಲ್ಲ, ಮುಖ ನೋಡಿ ತಿಳಿದುಕೊಂಡರಾಯಿತು” ಎಂದರಂತೆ. ಹರಳೆಣ್ಣೆ ಹಚ್ಚಲು ಹೊರಟುದನ್ನು ಮಾತ್ರ ವೈದ್ಯರು ತಡೆದರು. ನಾಯಿ ಎಣ್ಣೆಯನ್ನೆಲ್ಲ ನೆಕ್ಕಿಬಿಡುವುದಷ್ಟೆ! ಎರಡು ತಿಂಗಳ ಮೇಲೆ ಆ ನಾಯಿ ನಾಲ್ಕು ಕಾಲೂರಿ ನಡೆಯತೊಡಗಿತು. ಕುಂಟು ಪೂರ್ತಿಯಾಗಿ ಹೋಗಲಿಲ್ಲ. ಮೆಟ್ಟಿಲು ಹತ್ತುವಾಗ ಇಂದಿಗೂ ಕಾಣುವುದು. ಆದರೆ ಮೆಟ್ಟಿಲು ಹತ್ತುತ್ತದೆ.

ಅಜ್ಜಿ ಹೇಳಿದ ಮಾತಿನಲ್ಲಿ ಈ ಶಾಸ್ತ್ರದ ಒಂದು ಮುಖ್ಯಾಂಶವಿದೆ. ‘ಎಲ್ಲಿ ನೋಯುತ್ತದೆ?’ ಎಂಬ ಪ್ರಶ್ನೆಗೆ ಪ್ರಾಣಿ ಬಾಯಿಂದ ಉತ್ತರ ಕೊಡಲಾರದು. ಕಿವಿ ಹಿಂದಕ್ಕೆ ಬಾಗುವುದು, ತುಟಿ ನೆಕ್ಕಿಕೊಳ್ಳುವುದು, ಮುಟ್ಟಿದ ಕಡೆಗೆ ಥಟ್ಟನೆ ತಲೆ ತಿರುಗಿಸುವುದು, ಉಸಿರು ಬಿಗಿಹಿಡಿಯುವುದು, ಇವೇ ಅದರ ಉತ್ತರ. ಇವನ್ನು ಓದಲು ಬಾರದವನು ಎಷ್ಟು ದೊಡ್ಡ ಯಂತ್ರವನ್ನು ತಂದರೂ ಪ್ರಯೋಜನವಿಲ್ಲ.

‘ಮನುಷ್ಯನಿಗಾದರೆ ಕಾಲೆತ್ತು ಎನ್ನಬಹುದು; ನಾಯಿಗೆ ವ್ಯಾಯಾಮ ಹೇಳುವುದುಂಟೇ?’ ಎಂದು ನೀವು ಕೇಳಬಹುದು. ಪ್ರಶ್ನೆ ಸಹಜವೇ. ಇಲ್ಲಿ ಉಪಾಯ ಬೇಕು. ತಿನಿಸನ್ನು ಮೂಗಿನ ಮುಂದೆ ಹಿಡಿದು ಮೆಲ್ಲನೆ ಪಕ್ಕಕ್ಕೆ ಒಯ್ದರೆ ನಾಯಿ ಕತ್ತನ್ನೂ ಬೆನ್ನನ್ನೂ ಬಾಗಿಸುವುದು. ಹಾಗೆ ಬಾಗುವಾಗ ದೇಹದ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಯುವುದು. ನೆಲದ ಮೇಲೆ ನಾಲ್ಕಾರು ಕೋಲುಗಳನ್ನು ಸಮದೂರದಲ್ಲಿ ಅಡ್ಡಲಾಗಿಟ್ಟು ನಡೆಸಿದರೆ, ಎಡವದಿರಲು ಪ್ರತಿ ಹೆಜ್ಜೆಯಲ್ಲಿಯೂ ಕಾಲನ್ನು ಎತ್ತಲೇಬೇಕು. ಕೂರಿಸಿ ಏಳಿಸುವುದು ನಮ್ಮ ಬಸ್ಕಿಗೆ ಸಮಾನ. ಶಾಲೆಯಲ್ಲಿ ಬಸ್ಕಿ ಶಿಕ್ಷೆಯಾಗಿದ್ದ ಕಾಲವೊಂದಿತ್ತು. ನಾಯಿಗೆ ಅದೇ ಚಿಕಿತ್ಸೆಯಾಗಿದೆ. ನುಣುಪಾದ ಟೈಲ್ಸ್ ನೆಲ ಮುದಿನಾಯಿಗೆ ಶತ್ರು. ಜಾರುವ ಭಯದಿಂದಲೇ ಅದು ನಡೆಯುವುದನ್ನು ಬಿಡುತ್ತದೆ. ಅದು ಓಡಾಡುವ ದಾರಿಯಲ್ಲಿ ಗೋಣಿತಾಟು ಹಾಸಿದರೆ ಅರ್ಧ ನೋವು ತಪ್ಪಿತು. ಮೈ ಬೆಳೆದ ನಾಯಿಯ ತೂಕವನ್ನು ಇಳಿಸುವುದಂತೂ ಯಾವ ಮಾತ್ರೆಗಿಂತಲೂ ಕೀಲಿಗೆ ಹಿತವಾದುದು. ಪ್ರೀತಿಯಿಂದ ಮೈಸೂರು ಪಾಕು ತಿನ್ನಿಸುವವರು ಇದನ್ನು ಗಮನಿಸಬೇಕು.

ನೀರಿನ ಚಿಕಿತ್ಸೆಯೊಂದನ್ನು ಇಲ್ಲಿ ವಿವರಿಸಲೇಬೇಕು, ಏಕೆಂದರೆ ಅದರಲ್ಲಿ ನಿಮ್ಮ ವಿಜ್ಞಾನದ ಪಾಠವೂ ಅಡಗಿದೆ. ನೀರಿನಲ್ಲಿ ಮುಳುಗಿದ ವಸ್ತು ತಾನು ಪಲ್ಲಟಗೊಳಿಸಿದ ನೀರಿನ ತೂಕದಷ್ಟು ಹಗುರಾಗುವುದೆಂದು ಆರ್ಕಿಮಿಡೀಸ್ ಹೇಳಿದುದನ್ನು ಓದಿದ್ದೀರಿ. ನಾಯಿಯನ್ನು ಗಾಜಿನ ತೊಟ್ಟಿಯಲ್ಲಿ ನಿಲ್ಲಿಸಿ, ತಳದಲ್ಲಿ ಚಲಿಸುವ ಪಟ್ಟಿಯನ್ನಿಟ್ಟು, ಉಗುರುಬೆಚ್ಚಗಿನ ನೀರು ತುಂಬಿ ನಡೆಸುವರು. ನೀರು ಹಿಂಗಾಲಿನ ಹಿಮ್ಮಡಿಯವರೆಗಿದ್ದರೆ ಕಾಲುಗಳ ಮೇಲೆ ಬೀಳುವ ಭಾರ ದೇಹದ ತೂಕದ ಸುಮಾರು ಶೇಕಡ 91. ಮಂಡಿಯವರೆಗಿದ್ದರೆ ಶೇಕಡ 85. ಸೊಂಟದ ಕೀಲಿನವರೆಗೆ ಏರಿದರೆ ಶೇಕಡ 38 ಮಾತ್ರ. ನೆಲದ ಮೇಲೆ ನಿಲ್ಲಲಾರದ ನಾಯಿ ನೀರಿನಲ್ಲಿ ನಡೆಯುವುದರ ರಹಸ್ಯ ಇದೇ. ವಾರ ಕಳೆದಂತೆ ನೀರಿನ ಮಟ್ಟವನ್ನು ಇಳಿಸುತ್ತ ಬಂದರೆ ತನ್ನ ಭಾರವನ್ನು ತಾನೇ ಹೊರುವುದನ್ನು ಅದು ಕಲಿಯುವುದು. ದೊಡ್ಡ ನಗರಗಳ ಕೆಲವು ಖಾಸಗಿ ಚಿಕಿತ್ಸಾಲಯಗಳಲ್ಲಿ ಇಂಥ ತೊಟ್ಟಿಗಳಿವೆ. ಶುಲ್ಕ ಎಲ್ಲರ ಕೈಗೆ ಎಟುಕುವಂಥದಲ್ಲ.

ಆನೆಗೆ ತೊಟ್ಟಿ ಸಾಲದು, ಹೊಳೆಯೇ ಬೇಕು. ಶಿವಮೊಗ್ಗದ ಬಳಿಯ ಸಕ್ರೆಬೈಲಿನಲ್ಲಿ ತುಂಗೆಯ ಹಿನ್ನೀರಿನಲ್ಲಿಯೂ, ಕೊಡಗಿನ ದುಬಾರೆಯಲ್ಲಿ ಕಾವೇರಿಯಲ್ಲಿಯೂ ಮಾವುತರು ಆನೆಗಳನ್ನು ಮಲಗಿಸಿ ಉಜ್ಜುವುದನ್ನು ರಜೆಯಲ್ಲಿ ಊರಿಗೆ ಹೋದವರು ನೋಡಿರಬಹುದು. ನೋಡುವವರಿಗೆ ಅದು ವಿನೋದ. ಆನೆಯ ಕೀಲುಗಳಿಗೆ ಅದು ವಿಶ್ರಾಂತಿ. ಉತ್ತರಪ್ರದೇಶದ ಮಥುರೆಯ ಬಳಿ 2018ರಲ್ಲಿ ವೈಲ್ಡ್‌ಲೈಫ್ ಎಸ್. ಒ. ಎಸ್. ಸಂಸ್ಥೆಯವರು ತೆರೆದ ಆನೆ ಆಸ್ಪತ್ರೆಯಲ್ಲಿ ಜಲಚಿಕಿತ್ಸೆಗೂ ಏರ್ಪಾಡಿದೆ. ಬದುಕೆಲ್ಲ ಕಲ್ಲುಹಾಸಿನ ಮೇಲೆಯೂ ಡಾಂಬರು ರಸ್ತೆಯ ಮೇಲೆಯೂ ನಿಂತು ಪಾದ ಒಡೆದ ಆನೆಗೆ ತನ್ನ ತೂಕದಿಂದ ಒಂದು ಗಳಿಗೆ ಬಿಡುಗಡೆ ಸಿಕ್ಕುವುದೆಂದರೆ ಸಾಮಾನ್ಯವೇ? ತಮಿಳುನಾಡು ಸರ್ಕಾರವೂ 2003ರಲ್ಲಿ ದೇವಾಲಯದ ಆನೆಗಳಿಗಾಗಿ ಆರೈಕೆಯ ಶಿಬಿರಗಳನ್ನು ಆರಂಭಿಸಿತು. ಅಲ್ಲಿ ಅವಕ್ಕೆ ದೊರೆತುದು ಮಣ್ಣಿನ ನೆಲ, ನಡಿಗೆ, ಸ್ನಾನ. ಅವುಗಳ ಸಹಜ ಬದುಕಿನಲ್ಲಿ ದಿನನಿತ್ಯವೂ ಇರಬೇಕಾದುದನ್ನು ವರ್ಷಕ್ಕೆ ಕೆಲವು ವಾರ ಕೊಟ್ಟಂತಾಯಿತೆಂದು ಹೇಳಬೇಕು.

ಭಾರವನ್ನು ಮೆಲ್ಲಮೆಲ್ಲನೆ ಏರಿಸುವ ತತ್ತ್ವಕ್ಕೆ ಮೈಸೂರು ದಸರೆಗಿಂತ ಉತ್ತಮವಾದ ಉದಾಹರಣೆ ನನಗೆ ತೋರದು. ಚಿನ್ನದ ಅಂಬಾರಿಯ ತೂಕ ಸುಮಾರು 750 ಕಿಲೋ. ಅದನ್ನು ಹೊತ್ತು ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರು ನಡೆಯಬೇಕಾದ ಆನೆಯನ್ನು ವಾರಗಟ್ಟಲೆ ಮುಂಚೆಯೇ ಕಾಡಿನ ಶಿಬಿರದಿಂದ ಕರೆತಂದು, ಮೊದಲು ಬರಿಬೆನ್ನಿನಲ್ಲಿ ನಡೆಸಿ, ಬಳಿಕ ಮರಳಿನ ಮೂಟೆಗಳನ್ನು ಹೊರಿಸಿ, ದಿನಕ್ರಮದಲ್ಲಿ ಭಾರ ಹೆಚ್ಚಿಸಿ, ಕೊನೆಗೆ ಮರದ ಅಂಬಾರಿಯನ್ನು ಕಟ್ಟಿ ತಾಲೀಮು ಮಾಡಿಸುವರು. ಆರೋಗ್ಯವಾದ ಆನೆಗೇ ಇಷ್ಟು ಎಚ್ಚರಿಕೆ! ಹೀಗಿರಲು, ಮೂರು ವಾರ ಮಲಗಿ ಎದ್ದ ಎತ್ತನ್ನು ನಾಲ್ಕನೆಯ ವಾರವೇ ತುಂಬಿದ ಗಾಡಿಗೆ ಹೂಡುವವನಿಗೆ ಏನೆನ್ನೋಣ? ಕೆಲಸಕ್ಕೆ ಅಶಕ್ತವಾದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಆ ಕಾಯಿದೆಗಾಗಿ ರಾಜ್ಯಸಭೆಯಲ್ಲಿ ಶ್ರಮಿಸಿದವರು ಇದೇ ನಗರದ ಕಲಾಕ್ಷೇತ್ರವನ್ನು ಸ್ಥಾಪಿಸಿದ ರುಕ್ಮಿಣೀದೇವಿ ಅರುಂಡೇಲ್. ಅಂಗಚಲನೆಯ ಸೊಗಸನ್ನು ಬಲ್ಲ ನರ್ತಕಿಗೆ ಕುಂಟುವ ಪಶುವಿನ ಅಳಲು ತಿಳಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಕಾಯಿದೆ ಕುಂಟುವ ಎತ್ತನ್ನು ನೊಗದಿಂದ ಬಿಡಿಸಬಲ್ಲುದು; ಅದರ ಕುಂಟನ್ನು ಬಿಡಿಸಲು ವೈದ್ಯನ ಕೈಯೇ ಬೇಕು.

ಈಗ ಆಕ್ಷೇಪಗಳನ್ನು ನೋಡೋಣ. ‘ಬಡಮನುಷ್ಯನಿಗೇ ಈ ಚಿಕಿತ್ಸೆ ಸಿಕ್ಕುತ್ತಿಲ್ಲ, ಪ್ರಾಣಿಗೇಕೆ?’ ಎಂಬುದು ಮೊದಲನೆಯದು. ಮನುಷ್ಯನಿಗೆ ಸಿಕ್ಕದಿರುವುದು ಅನ್ಯಾಯವೇ. ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಹಸುವಿನ ಕೆಳಗೆ ಮರಳು ಹಾಸದೆ ಬಿಟ್ಟರೆ ಯಾವ ಬಡವನ ಮಂಡಿಯೂ ವಾಸಿಯಾಗದು. ಎರಡನೆಯ ಆಕ್ಷೇಪ ಹೆಚ್ಚು ತೂಕವುಳ್ಳದ್ದು: ವಾಸಿಯಾಗದ ಪ್ರಾಣಿಯನ್ನು ಉಳಿಸಿ ನರಳಿಸುವುದು ದಯೆಯೇ? ಅಲ್ಲ. ಬೆನ್ನುಹುರಿ ಪೂರ್ತಿ ಹರಿದು, ನೋವು ಅಡಗದೆ, ಮೈ ಹುಣ್ಣಾಗಿ, ಆಹಾರ ಬಿಟ್ಟ ಪ್ರಾಣಿಗೆ ವೈದ್ಯರು ಶಾಂತವಾದ ಮರಣವನ್ನು ಸೂಚಿಸಿದರೆ ಅದನ್ನು ಕ್ರೌರ್ಯವೆನ್ನಲಾಗದು. ಹಿಂಗಾಲು ಸತ್ತ ನಾಯಿಗೆ ಚಕ್ರದ ಗಾಡಿ ಕಟ್ಟಿದ ಚಿತ್ರಗಳನ್ನು ಕಂಡು ಎಲ್ಲರೂ ಮರುಗುತ್ತಾರೆ. ಆದರೆ ದಿನವೂ ಅದರ ಮೂತ್ರಕೋಶವನ್ನು ಒತ್ತಿ ಬರಿದುಮಾಡುವ, ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸುವ ಮನೆಯವರಿಲ್ಲದಿದ್ದರೆ ಗಾಡಿ ಕೇವಲ ಅಲಂಕಾರ. ತೀರ್ಮಾನ ಪರೀಕ್ಷೆಯ ಮೇಲೆ ಆಗಬೇಕು, ನಮ್ಮ ಬೇಸರದ ಮೇಲೆ ಆಗಬಾರದು.

ನನ್ನ ದೂರು ಇರುವುದು ಬೇರೆಡೆಯಲ್ಲಿ. ಮದರಾಸಿನ ಪಶುವೈದ್ಯಕೀಯ ಕಾಲೇಜು 1903ರಲ್ಲಿ ಸೈದಾಪೇಟೆಯಲ್ಲಿ ಆರಂಭವಾಗಿ ಬಳಿಕ ವೇಪೇರಿಗೆ ಹೋಯಿತು. 1989ರಲ್ಲಿ ಈ ರಾಜ್ಯಕ್ಕೆ ಪಶುವೈದ್ಯಕ್ಕೆಂದೇ ಒಂದು ವಿಶ್ವವಿದ್ಯಾನಿಲಯವಾಯಿತು. ವಿದ್ವತ್ತಿಗೆ ಕೊರತೆಯಿಲ್ಲ. ಆದರೆ ಕ್ರೋಂಪೇಟೆಯಿಂದ ವೇಪೇರಿಗೆ ಸುಮಾರು 20 ಕಿಲೋಮೀಟರು. ಬಿದ್ದ ಹಸುವನ್ನು ಲೋಕಲ್ ರೈಲಿನಲ್ಲಿ ಒಯ್ಯಲಾದೀತೇ? ಶಸ್ತ್ರಚಿಕಿತ್ಸೆಯ ದಿನ ಪ್ರಾಣಿಯ ಸುತ್ತ ಎಲ್ಲರೂ ಇರುತ್ತಾರೆ. ಮುಂದಿನ ಆರು ವಾರಗಳಲ್ಲಿ ಯಾರೂ ಇರುವುದಿಲ್ಲ. ಈ ಚಿಕಿತ್ಸೆ ನಡೆಯಬೇಕಾದುದು ಆ ಆರು ವಾರಗಳಲ್ಲಿ. ಪ್ರತಿಯೊಂದು ಸರ್ಕಾರಿ ಪಶುಚಿಕಿತ್ಸಾಲಯದಲ್ಲಿಯೂ ಒಂದು ಎತ್ತುಪಟ್ಟಿ, ನಾಲ್ಕು ದಪ್ಪ ಹಾಸುಗಳು, ಮನೆಯವರಿಗೆ ತೋರಿಸಿಕೊಡಬಲ್ಲ ಒಬ್ಬ ತರಬೇತಾದ ಸಹಾಯಕ ಇವಿಷ್ಟಿರಲಿ. ಗಾಜಿನ ತೊಟ್ಟಿ ಆಮೇಲೆ ಬರಲಿ. ಕಾರಹುಣ್ಣಿಮೆಗೋ ಮಾಟ್ಟು ಪೊಂಗಲಿಗೋ ವರ್ಷಕ್ಕೊಮ್ಮೆ ಕೊಂಬಿಗೆ ಬಣ್ಣ ಬಳಿಯುವ ನಾವು ಇಷ್ಟನ್ನು ಕೇಳುವುದು ಹೆಚ್ಚಲ್ಲ.

ವಿದ್ಯಾರ್ಥಿಗಳಿಗೆ ಒಂದೆರಡು ಎಚ್ಚರಿಕೆಗಳು. ರಸ್ತೆಯಲ್ಲಿ ಗಾಯಗೊಂಡ ನಾಯಿಯನ್ನು ಕಂಡು ಕೈಯಿಂದ ಎತ್ತಲು ಹೋಗಬೇಡಿ. ನೋವಿನಲ್ಲಿರುವ ನಾಯಿ ಕಚ್ಚುವುದು. ಕಚ್ಚಿದರೆ ಗಾಯವನ್ನು ಸಾಬೂನು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಗಲೇ ಆಸ್ಪತ್ರೆಗೆ ಹೋಗಬೇಕು. ದೊಡ್ಡವರಿಗೆ ತಿಳಿಸಿರಿ, 1959ರಲ್ಲಿ ಸ್ಥಾಪನೆಯಾಗಿ ಗಿಂಡಿಯಲ್ಲಿ ಕೆಲಸ ಮಾಡುತ್ತಿರುವ ಬ್ಲೂ ಕ್ರಾಸ್‌ನಂಥ ಸಂಸ್ಥೆಗಳಿಗೆ ಅವರು ತಿಳಿಸುವರು. ಹೊಸ ಊತಕ್ಕೆ ಮೊದಲ ಎರಡು ಮೂರು ದಿನ ಬಿಸಿ ಶಾಖ ಕೊಡಬಾರದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯ ತಂಪು ಸಾಕು. ವೈದ್ಯರು ನೋಡುವ ಮೊದಲು ಯಾವ ಕಾಲನ್ನೂ ಎಳೆದು ನೀವಬಾರದು, ಒಳಗೆ ಮೂಳೆ ಮುರಿದಿರಬಹುದು.

ಆದರೆ ನಿಮ್ಮ ಮನೆಯದೇ ಪ್ರಾಣಿ ಚೇತರಿಸಿಕೊಳ್ಳುತ್ತಿದ್ದರೆ ನೀವು ಮಾಡಬಹುದಾದ ಒಂದು ಕೆಲಸವುಂಟು. ನಲವತ್ತು ಪುಟದ ಒಂದು ನೋಟುಪುಸ್ತಕವನ್ನು ತೆಗೆದುಕೊಂಡು, ಇಂದು ಎಷ್ಟು ಹೆಜ್ಜೆ ನಡೆಯಿತು, ಎಷ್ಟು ಸಲ ತಾನಾಗಿ ಎದ್ದಿತು, ಯಾವ ಕಾಲನ್ನು ಊರಲು ಅಂಜಿತು, ಯಾವ ಹೊತ್ತಿನಲ್ಲಿ ನೋವು ಹೆಚ್ಚಾಗಿದ್ದಂತೆ ಕಂಡಿತು ಎಂಬುದನ್ನು ದಿನವೂ ಬರೆದಿಡಿರಿ. ಮುಂದಿನ ವಾರ ಎಷ್ಟು ದೂರ ನಡೆಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ವೈದ್ಯರು ಆ ಪುಸ್ತಕವನ್ನು ನೋಡಿ ಹೇಳಬಲ್ಲರು.